ಹಬೆಯೆಂಬ ಅಡುಗೆಭಟ್ಟ
ಮುಂಬಯಿಯ ಹೋಟೆಲಿನ ಅಡುಗೆಮನೆಯಲ್ಲಿ ಯಾವ ಶಾಖದಿಂದ ಬೇಯಿಸಬೇಕೆಂಬ ಪ್ರಶ್ನೆ ಏಳುತ್ತದೆ. 1942ರಲ್ಲಿ ಎ. ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಮಾಟುಂಗಾದಂಥ ಕಡೆ, ನೂರಾರು ಮಂದಿಗೆ ಬೇಯಿಸಲು ಹಬೆಯೇ ಸರಿ.

ಹಬೆ ಇಡ್ಲಿ ಹಿಟ್ಟಿಗೆ ತಾಗಿ ನೀರಾಗುವಾಗ ಕಿಲೋಗೆ ಸುಮಾರು 2,257 ಕಿಲೋಜೂಲ್ ಶಾಖ ಬಿಟ್ಟುಕೊಡುತ್ತದೆ; ಅಷ್ಟೇ ನೀರನ್ನು ಸೊನ್ನೆ ಡಿಗ್ರಿಯಿಂದ ಕುದಿಗೆ ತರುವ ಶಾಖದ ಐದು ಪಟ್ಟಿಗೂ ಹೆಚ್ಚು. ಆದರೂ ಉಷ್ಣತೆ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ ಇಡ್ಲಿ ಸೀಯುವುದಿಲ್ಲ, ಹೂವಿನಂತೆ ಅರಳುತ್ತದೆ. ಒಂದೇ ಬಾಯ್ಲರಿನ ಕೊಳವೆಗಳಿಂದ ಅನ್ನ, ಬೇಳೆ, ಇಡ್ಲಿ ಮೂರೂ ಬೇಯುತ್ತವೆ.

2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್, ಊರಿನ ಗಾಳಿ ಕೆಡುತ್ತಿದೆಯೆಂದು, ಬೇಕರಿಗಳಿಗೆ ಸೌದೆ, ಕಲ್ಲಿದ್ದಲು ಬಿಡಲು ಆರು ತಿಂಗಳ ಗಡುವು ಕೊಟ್ಟಿತು. ಗ್ಯಾಸಿನ ಮೇಲೂ ಅಷ್ಟೇ ಚೆನ್ನಾಗಿ ಏಳುವ ಹಬೆ, ಊಟಕ್ಕೂ ಊರಿನ ಉಸಿರಿಗೂ ಒಳ್ಳೆಯದು.