ದೀರ್ಘ ಕೋವಿಡ್ಡಿನ ಲಕ್ಷಣಗಳ ವರ್ಗೀಕರಣ : ಒಂದು ವಿಮರ್ಶೆ

ದೀರ್ಘ ಕೋವಿಡ್ಡನ್ನು ನಿಶ್ಚಯಿಸುವ ಸರ್ವಸಮ್ಮತವಾದ ಪರೀಕ್ಷೆ ಇನ್ನೂ ಇಲ್ಲ. ರೋಗಿಯ ಮಾತೇ ಮುಖ್ಯ ಪ್ರಮಾಣ. ಆದುದರಿಂದ ಆ ಮಾತಿನ ಅರ್ಥವಿಚಾರವು ವೈದ್ಯರಿಗೆ ಮಾತ್ರವಲ್ಲದೆ ಭಾಷಾಭ್ಯಾಸಿಗಳಿಗೂ ಸೇರಿದುದಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯು 2021ರ ಅಕ್ಟೋಬರಿನಲ್ಲಿ ಈ ಸ್ಥಿತಿಗೆ ಒಂದು ನಿರ್ವಚನವನ್ನು ಕೊಟ್ಟಿತು. ಸೋಂಕು ತಗುಲಿ ಸಾಮಾನ್ಯವಾಗಿ 3 ತಿಂಗಳಾದ ಮೇಲೆ ಕಾಣುವ, ಕನಿಷ್ಠ 2 ತಿಂಗಳು ಉಳಿಯುವ, ಬೇರೊಂದು ರೋಗದಿಂದ ವಿವರಿಸಲಾಗದ ಬಾಧೆಗಳು ಇದರಲ್ಲಿ ಸೇರುತ್ತವೆ. 2022ರಲ್ಲಿ ಪ್ರಕಟವಾದ, 22 ದೇಶಗಳ ಸುಮಾರು 12 ಲಕ್ಷ ಜನರ ಮಾಹಿತಿಯನ್ನು ಆಧರಿಸಿದ ಅಧ್ಯಯನವೊಂದು ಇವುಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿತು: ಮೈನೋವು ಅಥವಾ ಮನಸ್ಸಿನ ಏರಿಳಿತದಿಂದ ಕೂಡಿದ ದಣಿವು, ಬುದ್ಧಿಯ ಮಂಕು, ಉಸಿರಾಟದ ತೊಂದರೆ. ಮೂರು ತಿಂಗಳ ತರುವಾಯ ಇವುಗಳಲ್ಲಿ ಒಂದಾದರೂ ಉಳಿದಿದ್ದವರು ಶೇಕಡಾ 6.2. ಬಿಡಿಯಾಗಿ ಎಣಿಸಿದರೆ ಉಸಿರಾಟದ ಗುಂಪು 3.7, ದಣಿವಿನದು 3.2, ಬುದ್ಧಿಯದು 2.2. ಇವುಗಳ ಮೊತ್ತ 9.1 ಆಗುವುದರಿಂದ, ಒಬ್ಬನೇ ರೋಗಿಯಲ್ಲಿ ಒಂದಕ್ಕಿಂತ ಹೆಚ್ಚು ಗುಂಪು ಕೂಡಿಕೊಂಡಿರುವುದು ವ್ಯಕ್ತವಾಗುತ್ತದೆ.

ಈ ವರ್ಗೀಕರಣವು ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದನ್ನು ಕನ್ನಡದ ಪ್ರಶ್ನಾವಳಿಯಾಗಿ ಮಾರ್ಪಡಿಸಿ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಿಗೆ ಒಯ್ದರೆ ಏನಾದೀತೆಂಬುದನ್ನು ವಿಚಾರಿಸಬೇಕು. ಇವೆರಡೂ ಆಂಧ್ರದ ಅನಂತಪುರ ಜಿಲ್ಲೆಗೆ ಹೊಂದಿಕೊಂಡಿವೆ. ಇಲ್ಲಿ ಮ್ಯಾಸಬೇಡರೇ ಮೊದಲಾದವರ ಅನೇಕ ಮನೆಗಳಲ್ಲಿ ತೆಲುಗು ಮಾತು, ಪೇಟೆ ಶಾಲೆಗಳಲ್ಲಿ ಕನ್ನಡ. 'ಆಯಾಸ' ಎಂಬ ಸಂಸ್ಕೃತ ಶಬ್ದ ಎರಡು ಭಾಷೆಗಳಲ್ಲಿಯೂ ಉಂಟು. ಕನ್ನಡದಲ್ಲಿ ಅದಕ್ಕೆ ದಣಿವೆಂದು ಅರ್ಥ. ತೆಲುಗಿನಲ್ಲಿ ಏದುಸಿರೆಂದು ಅರ್ಥ. ಹಾಗೆಯೇ 'ನೀರಸ'ವು ಕನ್ನಡಿಗನಿಗೆ ರುಚಿಯಿಲ್ಲದ್ದು, ಉತ್ಸಾಹವಿಲ್ಲದ್ದು. ತೆಲುಗರಿಗೆ ಅದು ಮೈಯ ನಿತ್ರಾಣ. 'ಆಯಾಸವಿದೆಯೇ?' ಎಂಬ ಪ್ರಶ್ನೆಗೆ 'ಇದೆ' ಎಂದವನನ್ನು ಯಾವ ಗುಂಪಿಗೆ ಸೇರಿಸಬೇಕು? ಇದು ಬರಿಯ ನಿಘಂಟಿನ ಚರ್ಚೆಯಲ್ಲ. ಏದುಸಿರಿನವನಿಗೆ ಶ್ವಾಸಕೋಶ, ಹೃದಯಗಳ ಪರೀಕ್ಷೆ ಆಗಬೇಕು. ದಣಿವಿನ ಗುಂಪಿಗೆ ಸೇರಿಹೋದರೆ ಅವನು ವಿಶ್ರಾಂತಿಯ ಸಲಹೆಯೊಡನೆ ಮನೆಗೆ ಮರಳಿಯಾನು.

ಎರಡನೆಯ ಕೊರತೆ ಕಾಲಕ್ಕೆ ಸಂಬಂಧಿಸಿದುದು. ಬಾಧೆಗಳು ಏರಿಳಿಯಬಹುದು, ಮರುಕಳಿಸಬಹುದು ಎಂದು ನಿರ್ವಚನವೇ ಒಪ್ಪುತ್ತದೆ. ಅನೇಕ ರೋಗಿಗಳಲ್ಲಿ ದುಡಿಮೆಯ ಪರಿಣಾಮವು ಆ ಕ್ಷಣದಲ್ಲಿ ಕಾಣದೆ, ಕೆಲವು ಗಂಟೆಗಳು ಅಥವಾ ಒಂದೆರಡು ದಿನಗಳು ಕಳೆದ ಮೇಲೆ ಉಲ್ಬಣಿಸುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ನೇಕಾರನನ್ನಾಗಲಿ, ಚಳ್ಳಕೆರೆಯ ಕಡೆಯ ಕಂಬಳಿ ನೇಯುವವನನ್ನಾಗಲಿ 'ಕೆಲಸ ಮಾಡಬಲ್ಲಿರಾ?' ಎಂದು ಕೇಳಿದರೆ, ಮಗ್ಗದ ಮುಂದೆ ಕುಳಿತವನು ಹೌದೆಂದೇ ಹೇಳುವನು. ಮರುದಿನ ಅವನು ಏಳಲಾರದಿದ್ದರೆ ಆ ಸಂಗತಿ ಪ್ರಶ್ನಾವಳಿಯ ಹೊರಗೇ ಉಳಿಯುತ್ತದೆ.

ಆದುದರಿಂದ ಇಂಥ ಗಡಿನಾಡಿನಲ್ಲಿ ಶಬ್ದವನ್ನು ಹಿಡಿದು ಕೇಳುವುದಕ್ಕಿಂತ ಕ್ರಿಯೆಯನ್ನು ಹಿಡಿದು ಕೇಳುವುದು ಯುಕ್ತ. ದಿಬ್ಬ ಹತ್ತುವಾಗ ಮಾತು ನಿಲ್ಲುವುದೇ? ನೇಯ್ದ ಮರುದಿನ ಮೈ ಹೇಗಿರುತ್ತದೆ? ಎಣಿಸುತ್ತಿದ್ದ ಎಳೆಯ ಲೆಕ್ಕ ತಪ್ಪುವುದೇ? ಇಂಥ ಪ್ರಶ್ನೆಗಳಿಗೆ ಎರಡು ಭಾಷೆಗಳಲ್ಲಿಯೂ ಉತ್ತರ ಒಂದೇ ಆಗಿರುವುದು. ಲಕ್ಷಣಗಳ ವಿನ್ಯಾಸವನ್ನು ಅರಸುವ ಮೊದಲು ಅವುಗಳ ಹೆಸರನ್ನು ಶೋಧಿಸಿಕೊಳ್ಳದಿದ್ದಲ್ಲಿ, ನಮಗೆ ದೊರೆಯುವುದು ರೋಗದ ವಿನ್ಯಾಸವಲ್ಲ, ಭಾಷಾಂತರದ ವಿನ್ಯಾಸ.