ದೇವರಗುಡ್ಡಕ್ಕೆ ರೆಸಾರ್ಟ್ ಒಗ್ಗೀತೇ?

ಗುಡ್ಡ ಕಂಡರೆ ಸಾಕು, ರೋಪ್‌ವೇ ಎಳೆಯೋಣ, ರೆಸಾರ್ಟ್ ಕಟ್ಟೋಣ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಮೇಲೂ ಅಂಥ ಕಣ್ಣು ಬೀಳುವುದು ಸಹಜವೇ. ಆ ಯೋಚನೆಯನ್ನು ತೂಗಲು ಸ್ಕೀ ರೆಸಾರ್ಟಿನವರ ತಕ್ಕಡಿಯನ್ನೇ ಕಡ ತರಬಹುದು. ವರ್ಷಕ್ಕೆ ಎಷ್ಟು ದಿನ ಹಿಮ ನಿಂತೀತು ಎಂಬುದು ಅವರ ಮೊದಲ ಪ್ರಶ್ನೆ. ಯಂತ್ರದಿಂದ ಹಿಮ ಮಾಡಬೇಕೆಂದರೂ ಗಾಳಿ ಸೊನ್ನೆ ಡಿಗ್ರಿಯ ಆಸುಪಾಸಿಗೆ ಇಳಿಯಬೇಕು. ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ 1,930ಕ್ಕೇ ಮುಗಿಯುತ್ತದೆ. ದೇವರಗುಡ್ಡ ಇರುವ ಹಾವೇರಿ ಜಿಲ್ಲೆಯ ಬಂಡವಾಳವೋ ಬಿಸಿಲು. ಅದಿಲ್ಲದಿದ್ದರೆ ಬ್ಯಾಡಗಿ ಮೆಣಸಿನಕಾಯಿ ಕಣದಲ್ಲಿ ಆ ಪರಿ ಸುಕ್ಕುಗಟ್ಟುತ್ತಿತ್ತೇ?

ಹಿಮದ ಮಾತು ಬಿಡಿ, ದಿನಗಳ ಲೆಕ್ಕ ಉಳಿದೇ ಇದೆ. ದೇವರಗುಡ್ಡಕ್ಕೆ ಜನ ಮುಗಿಬೀಳುವುದು ನವರಾತ್ರಿಯಲ್ಲಿ, ಅದರಲ್ಲೂ ಗುಡ್ಡದ ದೇವರು ಮಾಲತೇಶನ ಕಾರ್ಣಿಕದ, ಅಂದರೆ ಭವಿಷ್ಯನುಡಿಯ ದಿನ. ಕರಿ ಕಂಬಳಿಯ ಗೊರವರು, ಡಮರುಗ, ಭಂಡಾರ ಮೆತ್ತಿದ ಹಣೆಗಳು, ‘ಏಳುಕೋಟಿ’ಯ ಕೂಗು. ಗೊರವಪ್ಪ ಬಿಲ್ಲನ್ನೇರಿ ‘ಸದ್ದಲೇ’ ಎಂದನೆಂದರೆ ಅಷ್ಟೂ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಒಂದು ನುಡಿ. ಮರುಗಳಿಗೆಯೇ ಅದು ಮಳೆಗೆ ಹೇಳಿದ್ದೋ ಬೆಲೆಗೆ ಹೇಳಿದ್ದೋ ಎಂಬ ವಾದ ಶುರು. ಆ ದಿನಕ್ಕೆ ನೂರು ಕೋಣೆ ಕಟ್ಟಿದರೂ ಸಾಲವು. ಮರುವಾರ ಹತ್ತು ಕೋಣೆ ತುಂಬಿಸುವುದೂ ಕಷ್ಟ. ಬುತ್ತಿ ಕಟ್ಟಿಕೊಂಡು ಬರುವ ಭಕ್ತರು ರೆಸಾರ್ಟಿನ ಗಿರಾಕಿಗಳೂ ಅಲ್ಲ.

ಹಿಮ, ಹಣ ಎರಡೂ ಇದ್ದಲ್ಲಿ ಆದದ್ದನ್ನೂ ನೋಡಬೇಕು. ಮನಾಲಿ ಬಳಿ ಹಿಮಾಲಯನ್ ಸ್ಕೀ ವಿಲೇಜ್ ಕಟ್ಟಲು ಹೊರಟವರ ಹಿಂದೆ ಕಾರು ತಯಾರಕ ಹೆನ್ರಿ ಫೋರ್ಡ್ ವಂಶದ ಆಲ್ಫ್ರೆಡ್ ಫೋರ್ಡ್ ಇದ್ದರು. 2006ರಲ್ಲಿ ಕುಲ್ಲು ಕಣಿವೆಯ ದೇವತೆಗಳೆಲ್ಲ ನಗ್ಗರ್‌ನಲ್ಲಿ ಸಭೆ ಸೇರಿದವು. ಅಲ್ಲಿಯ ಗೊರವಪ್ಪನಂತಿರುವ ‘ಗೂರ್’ಗಳ ಬಾಯಲ್ಲಿ ಬಂದದ್ದು ಬೇಡವೆಂಬ ಮಾತೇ. ಯೋಜನೆ ಮೇಲೇಳಲಿಲ್ಲ. ದೇವರ ಹೆಸರಲ್ಲಿ ಮಾತಾಡಿದ್ದು ಕಾಡು, ನೀರು, ಮೇವಿನ ಆತಂಕ ಎಂದೇ ನನ್ನ ಎಣಿಕೆ. ಕಾರ್ಯಸಾಧ್ಯತಾ ವರದಿಗಳಲ್ಲಿ ಇಂಥದ್ದಕ್ಕೆ ಕಾಲಂ ಇರುವುದು ಅಪರೂಪ.

ನೆಲದ ಗುಣ ನೋಡದೆ ನಾವೂ ಎಡವಿದವರೇ. 1974ರಲ್ಲಿ ಘೋಷಿಸಿದ, 119 ಚದರ ಕಿಲೋಮೀಟರಿನ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯವನ್ನೇ ನೋಡಿ. ಬಯಲು ಹುಲ್ಲು ಬೇಕಾದ ಜಿಂಕೆಗಳ ನೆಲದಲ್ಲಿ ನೀಲಗಿರಿ ಸಾಲು ಸಾಲಾಗಿ ನಿಂತಿತು. ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯೂ ಇದ್ದ ಜಾಗವದು.

ದೇವರಗುಡ್ಡಕ್ಕೆ ದುಡ್ಡು ಸುರಿಯುವುದೇ ಆದರೆ ನೆರಳು, ಕುಡಿಯುವ ನೀರು, ಟ್ರ್ಯಾಕ್ಟರ್ ನಿಲ್ಲಲು ಜಾಗ, ಎಲ್ಲಕ್ಕಿಂತ ಮೊದಲು ಹೆಣ್ಣುಮಕ್ಕಳಿಗೆ ಬೀಗ ಹಾಕದ ಶೌಚಾಲಯ. ರೋಪ್‌ವೇ ಮಾತು ಆಮೇಲೂ ಆಡಬಹುದು.