ಹಬೆಯ ಮಹಿಮೆ

ಮಕ್ಕಳ ವಾರ್ಡಿನಲ್ಲಿ, ಔಷಧವನ್ನು ಹಬೆಯಂತೆ ಉಸಿರಿಗೆ ಕೊಡುವ ನೆಬ್ಯುಲೈಸರಿಗೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗಿಂತ ದೊಡ್ಡದು. ಎದೆಯಲ್ಲಿ ಗೊರಗೊರ, ಪಕ್ಕೆ ಸೆಳೆತ ಎಂದು ಎಂಟು ತಿಂಗಳ ಕೂಸನ್ನು ಸೇರಿಸಿದರೆ ಮೊದಲು ಮುಖಕ್ಕೆ ಬರುವುದು ಅದರ ಮಾಸ್ಕು. ಎರಡು ವರ್ಷದೊಳಗಿನ ಇಂಥ ಮಕ್ಕಳಲ್ಲಿ ಎಷ್ಟೋ ಜನರದು ಬ್ರಾಂಕಿಯೋಲೈಟಿಸ್. ಅದರಲ್ಲಿ ಸಣ್ಣ ಶ್ವಾಸನಾಳ ಕಟ್ಟುವುದು ಮುಖ್ಯವಾಗಿ ಬಾವು, ಲೋಳೆ, ಉದುರಿದ ಜೀವಕೋಶಗಳಿಂದ. ನೆಬ್ಯುಲೈಸರಿಗೆ ಹಾಕುವ ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಸಡಿಲಿಸುವ ಔಷಧ. ಆಸ್ತಮಾದಲ್ಲಿ ಅದರ ಬೆಲೆ ಬೇರೆ. ಬ್ರಾಂಕಿಯೋಲೈಟಿಸ್‌ಗೆ ಅದು ಬೇಡವೆಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2014ರಲ್ಲೇ ಹೇಳಿದೆ.

‘ಹಾಕಿದ ಮೇಲೆ ಮಗು ಹಗುರಾಗುತ್ತದಲ್ಲ?’ ಎನ್ನುತ್ತಾರೆ. ಆ ಹತ್ತು ನಿಮಿಷವನ್ನು ಬಿಡಿಸಿ ನೋಡಬೇಕು. ವಾರ್ಡುಗಳಲ್ಲಿ ಅನೇಕ ಸಲ ನೆಬ್ಯುಲೈಸರನ್ನು ನಡೆಸುವುದು ಆಮ್ಲಜನಕದಿಂದಲೇ, ನಿಮಿಷಕ್ಕೆ 6ರಿಂದ 8 ಲೀಟರ್. ಔಷಧದ ಜೊತೆಗೆ ಅದೂ ಒಳಹೋಗುತ್ತದೆ, ಆಕ್ಸಿಮೀಟರಿನ ಅಂಕಿ ಏರುತ್ತದೆ. ಮಗು ಅತ್ತು, ಕೆಮ್ಮಿ, ಕಫ ಕದಲಿಸಿಕೊಂಡು, ದಣಿದು ಅಮ್ಮನ ಹೆಗಲಿಗೆ ಒರಗುತ್ತದೆ. ಹೆಸರು ಮಾತ್ರ ಸಾಲ್ಬುಟಮಾಲಿಗೆ. ಅಧ್ಯಯನಗಳಲ್ಲಿ ಸ್ವಲ್ಪ ಹೊತ್ತಿನ ಅಲ್ಪ ಸುಧಾರಣೆ ಕಂಡದ್ದು ನಿಜ; ಆಸ್ಪತ್ರೆಯಲ್ಲಿರುವ ದಿನಗಳು ಮಾತ್ರ ಕಡಿಮೆಯಾಗಲಿಲ್ಲ. ಎದೆಬಡಿತ ಏರುವುದು, ಕೈ ನಡುಗುವುದು ಬೇರೆ.

‘ಇವೆಲ್ಲ ಪಶ್ಚಿಮದ ನಿಯಮ, ನಮ್ಮ ವಾರ್ಡು ಬೇರೆ’ ಎಂಬ ಪಂಡಿತರ ವಾದ ನನಗೆ ಒಪ್ಪಿಗೆಯಿಲ್ಲ. ನಮ್ಮ ನೆರೆಯ ಢಾಕಾದಲ್ಲಿ ಡಾ. ಮೊಹಮ್ಮದ್ ಜೋಬಾಯರ್ ಚಿಸ್ತಿ ಶಾಂಪೂ ಬಾಟಲಿಯಲ್ಲಿ ನೀರು ತುಂಬಿ, ಉಸಿರಿನ ಕೊಳವೆ ಇಳಿಸಿ ಶ್ವಾಸಕೋಶ ಕುಸಿಯದಂತೆ ಸತತ ಒತ್ತಡ ಕೊಡುವ ಅಗ್ಗದ ‘ಬಬಲ್ ಸಿಪ್ಯಾಪ್’ ಮಾಡಿದರು. 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅವರ ಅಧ್ಯಯನದಲ್ಲಿ, ಸಾಮಾನ್ಯ ಆಮ್ಲಜನಕ ಪಡೆದ ತೀವ್ರ ನ್ಯುಮೋನಿಯಾದ ಮಕ್ಕಳಲ್ಲಿ ಶೇ. 15ರಷ್ಟು ತೀರಿಕೊಂಡರೆ, ಇದನ್ನು ಪಡೆದವರಲ್ಲಿ ಶೇ. 4. ಬಡ ದೇಶದ ವಾರ್ಡೂ ಪುರಾವೆ ಹುಟ್ಟಿಸಬಲ್ಲದು. ಹಾಗೆಂದು ಈ ಬಾಟಲಿಗೂ ಪೂಜೆ ಬೇಡ. 2019ರಲ್ಲಿ ಪ್ರಕಟವಾದ ಮಲಾವಿಯ ಅಧ್ಯಯನದಲ್ಲಿ, ವೈದ್ಯರ ದೈನಂದಿನ ನಿಗಾ ಇಲ್ಲದ ಜಿಲ್ಲಾ ಆಸ್ಪತ್ರೆಯಲ್ಲಿ ಬಬಲ್ ಸಿಪ್ಯಾಪ್ ಸಾವನ್ನು ಇಳಿಸಲಿಲ್ಲ. ಉಪಕರಣಕ್ಕೆ ಬೆಲೆ ಬರುವುದು ಅದರ ಪಕ್ಕದಲ್ಲಿ ನಿಂತು ನೋಡುವವರಿಂದ.

ಇನ್ನೊಂದು ಸಮರ್ಥನೆ, ಅಪ್ಪ–ಅಮ್ಮಂದಿರೇ ಕೇಳುತ್ತಾರೆ ಎಂಬುದು. ಹಬೆ ಹಾಕದಿದ್ದರೆ ಚಿಕಿತ್ಸೆಯೇ ಇಲ್ಲ ಎಂದು ಅವರಿಗೆ ಕಲಿಸಿದವರು ಯಾರು? ನಾವೇ ರೂಢಿ ಮಾಡಿಸಿ, ಆಮೇಲೆ ಹೊಣೆಯನ್ನು ಅವರ ಮೇಲೆ ಹಾಕುವುದು ನ್ಯಾಯವಲ್ಲ.

ಮೂಲೆಗುಂಪಾಗಿರುವುದು ಅಗ್ಗದ ಕೆಲಸ. ಮಗು ಅಳದಿರುವಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಆಮೇಲೆ ಐದು ವರ್ಷದವರೆಗೆ 40 ಮುಟ್ಟಿದರೆ ಅದು ವೇಗದ ಉಸಿರು. ಮೂಗು ಕಟ್ಟಿದ ಕೂಸಿಗೆ ಮೊಲೆ ಹಿಡಿಯಲಾಗದು. ಸಲೈನ್ ಹನಿ ಹಾಕಿ ಸಿಂಬಳ ತೆಗೆದರೆ ಹಾಲು ಕುಡಿಯುವುದು ಸುಲಭ. ಆಮ್ಲಜನಕ ಇಳಿದಿದ್ದರೆ ಆಮ್ಲಜನಕ, ಹಾಲು ಇಳಿಯದಿದ್ದರೆ ನಳಿಕೆಯಲ್ಲಿ ಹಾಲು.

ಮಗುವಿನ ಕೇಸ್ ಶೀಟಿನಲ್ಲಿ ಉಸಿರಿನ ಎಣಿಕೆ, ಆಮ್ಲಜನಕದ ಅಂಕಿ, ಕುಡಿದ ಹಾಲಿನ ಲೆಕ್ಕ ಇವೆಯೇ ಎಂದು ಕೇಳಿ. ಈ ಮೂರೂ ಇಲ್ಲದೆ ನೆಬ್ಯುಲೈಸರಿನ ಬಿಲ್ ಮಾತ್ರ ಉದ್ದವಿದ್ದರೆ, ಅಲ್ಲಿ ನಡೆದದ್ದು ಚಿಕಿತ್ಸೆಯ ಪ್ರದರ್ಶನ.